ಚಿನ್ನದ ನೀರಿಗೆ ಉಪ್ಪು ಯಾಕೆ?

ಪ್ರಶ್ನೆ: ನೀರಿನಲ್ಲಿ ಕೀಟನಾಶಕ ಇದೆಯಾ ಅಂತ ರಾಮನ್ ಸ್ಪೆಕ್ಟ್ರೋಮೀಟರ್‌ನಲ್ಲಿ (ಚದುರಿದ ಬೆಳಕಿನಿಂದ ಅಣುವನ್ನು ಗುರುತಿಸುವ ಯಂತ್ರ) ನೋಡುವಾಗ ಚಿನ್ನದ ನ್ಯಾನೋ ಕಣಗಳನ್ನು ಬೆರೆಸುತ್ತಾರೆ. ಅದು ಸರಿ. ಆದರೆ ಜೊತೆಗೆ ಒಂಚೂರು ಉಪ್ಪನ್ನೂ ಹಾಕುತ್ತಾರಲ್ಲ, ಅದು ಯಾಕೆ?

ಉತ್ತರ: ಉಪ್ಪಿಲ್ಲದಿದ್ದರೆ ಚಿನ್ನ ಹಾಕಿಯೂ ಎಷ್ಟೋ ಸಲ ಏನೂ ಕಾಣುವುದಿಲ್ಲ, ಅದಕ್ಕೆ.

ಅಣುಗಳಿಗೆ ತಾಗಿದ ಬೆಳಕು ಹೆಚ್ಚುಕಡಿಮೆ ಪೂರ್ತಿ ಬಂದ ಬಣ್ಣದಲ್ಲೇ ಚದುರುತ್ತದೆ. ಸುಮಾರು ಕೋಟಿಗೊಂದು ಫೋಟಾನ್ ಮಾತ್ರ ಬಣ್ಣ ಬದಲಿಸಿಕೊಂಡು ಬರುತ್ತದೆ. ಅಣುವಿನ ಗುರುತು ಇರುವುದು ಅದರಲ್ಲೇ. 1928ರಲ್ಲಿ ಕೋಲ್ಕತ್ತದಲ್ಲಿ ಸಿ.ವಿ. ರಾಮನ್ ಮತ್ತು ಅವರ ಶಿಷ್ಯ ಕೆ.ಎಸ್. ಕೃಷ್ಣನ್ ಸುಮಾರು 60 ದ್ರವಗಳಲ್ಲಿ ಇದನ್ನು ಕಂಡರು. ಆದರೆ ಅಲ್ಲಿ ಪಾತ್ರೆ ತುಂಬ ಅದೇ ದ್ರವ. ಲೀಟರ್ ನೀರಿನಲ್ಲಿ ಕಣ್ಣಿಗೂ ಕಾಣದಷ್ಟು ವಿಷ ಇದ್ದರೆ ಅದರ ಸದ್ದು ಯಾರಿಗೆ ಕೇಳಬೇಕು? ಒಂದೇ ಸಮಾಧಾನ ಅಂದರೆ, ನೀರಿನ ರಾಮನ್ ಸಂಕೇತ ತೀರಾ ಮಂದ. ಜಾಸ್ತಿ ಅಡ್ಡ ಬರುವುದಿಲ್ಲ.

1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ತರಿತರಿ ಮಾಡಿದ ಬೆಳ್ಳಿಯ ಮೇಲೆ ಪಿರಿಡಿನ್ ಎಂಬ ರಾಸಾಯನಿಕ ಇಟ್ಟು ನೋಡಿದಾಗ ಜೋರು ಸಂಕೇತ ಬಂತು. ತರಿ ಮೈಗೆ ಜಾಸ್ತಿ ಅಣು ಅಂಟಿರಬೇಕು ಅಂದುಕೊಂಡರು. ಅಷ್ಟೇ ಆಗಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ ಅಂತ 1977ರಲ್ಲಿ ಇನ್ನೆರಡು ತಂಡಗಳು ತೋರಿಸಿದವು. ಅಸಲಿ ಕೆಲಸ ಲೋಹದ ಎಲೆಕ್ಟ್ರಾನುಗಳದ್ದು. ಸರಿಯಾದ ಬಣ್ಣದ ಬೆಳಕು ಬಿದ್ದರೆ ಅವು ಒಟ್ಟಾಗಿ ತೂಗುತ್ತವೆ. ಇದಕ್ಕೇ ಪ್ಲಾಸ್ಮಾನ್ ಅನ್ನುವುದು. ಆಗ ಕಣದ ಮೈಗೆ ಅಂಟಿದಂತೆ ಬೆಳಕಿನ ವಿದ್ಯುತ್ ಕ್ಷೇತ್ರದ ಬಲ ಏರುತ್ತದೆ. ಒಳಬರುವ ಬೆಳಕಿಗೂ ಲಾಭ, ಹೊರಹೋಗುವುದಕ್ಕೂ ಲಾಭ. ಬೆಳಕಿನ ತೀವ್ರತೆ ಈ ಬಲದ ವರ್ಗದಂತೆ ಏರುತ್ತದೆ. ಹಾಗಾಗಿ ಬಲ 10 ಪಟ್ಟಾದರೆ ಎರಡೂ ಕಡೆ ನೂರು ನೂರು ಪಟ್ಟು, ಒಟ್ಟು ಸಂಕೇತ ಸುಮಾರು 10,000 ಪಟ್ಟಾಗುತ್ತದೆ.

ಇನ್ನೂ ಬೇಕೆಂದರೆ ಎರಡು ಕಣಗಳು ಹತ್ತಿರ ಬರಬೇಕು. ನಡುವೆ ಒಂದೆರಡು ನ್ಯಾನೋಮೀಟರ್ ಸಂದು ಉಳಿದರೆ ಬೆಳಕೆಲ್ಲ ಅಲ್ಲಿ ಇರುಕಿಕೊಳ್ಳುತ್ತದೆ. ಇದು ಹಾಟ್‌ಸ್ಪಾಟ್. ಆದರೆ ಸಿಟ್ರೇಟ್ ಎಂಬ ರಾಸಾಯನಿಕ ಹಾಕಿ ಮಾಡಿದ ಕಣಗಳ ಮೈಮೇಲೆಲ್ಲ ಋಣ ವಿದ್ಯುತ್ತು, ಒಂದನ್ನೊಂದು ದೂಡುತ್ತಲೇ ಇರುತ್ತವೆ. ಉಪ್ಪು ಹಾಕಿದರೆ ಅದರ ಅಯಾನುಗಳು, ಅಂದರೆ ವಿದ್ಯುತ್ತು ಹೊತ್ತ ಕಣಗಳು, ಆ ಋಣ ವಿದ್ಯುತ್ತನ್ನು ಮರೆಮಾಡುತ್ತವೆ. ಜಗಳ ತಣ್ಣಗಾಗಿ ಚಿನ್ನದ ಕಣಗಳು ಹತ್ತಿರ ಬರುತ್ತವೆ. (ಅಡುಗೆಮನೆ ಉಪ್ಪು ಬೇಡ. ಅದರ ಅಯೋಡಿನ್ ಬೇರೆ ಕಿತಾಪತಿ ಮಾಡುತ್ತದೆ.)

ಇದನ್ನು ಬರಿಗಣ್ಣಲ್ಲೇ ನೋಡಬಹುದು. ಚಿನ್ನದ ದ್ರಾವಣ ಮೊದಲು ಪುನರ್ಪುಳಿ ಶರಬತ್ತಿನ ಹಾಗೆ ಕೆಂಪಗಿರುತ್ತದೆ. ಉಪ್ಪುನೀರಿನ ಹನಿ ಬಿದ್ದಂತೆ ನೇರಳೆಯಾಗುತ್ತದೆ, ಆಮೇಲೆ ನೀಲಿ. ಕೈ ಜಾಸ್ತಿಯಾಯಿತೋ, ಹಾಲು ಒಡೆದ ಹಾಗೆ! ಕಣಗಳೆಲ್ಲ ಗಂಟುಕಟ್ಟಿ ತಳಕ್ಕಿಳಿಯುತ್ತವೆ, ಮೇಲೆ ಬರೀ ತಿಳಿನೀರು. ಹಾಗಾಗಿ ಉಪ್ಪು ಹಾಕಿ ಎಷ್ಟು ಹೊತ್ತಿಗೆ ಅಳತೆ ತೆಗೆದಿರಿ ಅನ್ನುವುದೂ ಮುಖ್ಯ. ಇವತ್ತಿನ ಅಂಕಿ ನಾಳೆ ಬರದಿದ್ದರೆ ನಾನಂತೂ ಯಂತ್ರವನ್ನು ಬೈಯುವ ಮೊದಲು ಗಡಿಯಾರ ನೋಡುತ್ತೇನೆ.

ಹುಡುಕುವ ವಸ್ತು ಕಣಕ್ಕೆ ಅಂಟಬೇಕು ಕೂಡ. ಗಂಧಕ ಇರುವ ಥೈರಾಮ್ ಎಂಬ ಶಿಲೀಂಧ್ರನಾಶಕ ಚಿನ್ನ, ಬೆಳ್ಳಿಗೆ ಗಟ್ಟಿಯಾಗಿ ಅಂಟುತ್ತದೆ, ಸುಲಭವಾಗಿ ಸಿಕ್ಕಿಬೀಳುತ್ತದೆ. ಗ್ಲೂಕೋಸ್ ಅಂಟುವುದೇ ಇಲ್ಲ ಅನ್ನಬಹುದು. ಅದಕ್ಕೆ ಉಪ್ಪು ಹಾಕಿ ಪ್ರಯೋಜನವಿಲ್ಲ, ಮೊದಲು ಕಣದ ಮೈಗೆ ಅದನ್ನು ಹಿಡಿದಿಡುವ ಬೇರೆ ಲೇಪನ ಕೊಡಬೇಕು.