ಎ549 ಬೆಳೆಸುವುದು ಸುಲಭ, ಆದರೆ ಫ್ಲಾಸ್ಕ್‌ನಲ್ಲಿ ಇರುವುದು ಅದೇನಾ?

ಶ್ವಾಸಕೋಶದ ಮೇಲೆ ಕೆಲಸ ಮಾಡಬೇಕು ಅಂತ ಲ್ಯಾಬ್‌ಗೆ ಹೊಸದಾಗಿ ಬರುವ ಪಿಎಚ್‌ಡಿ ವಿದ್ಯಾರ್ಥಿಗಳ ಕೈಗೆ ಸಾಮಾನ್ಯವಾಗಿ ಮೊದಲು ಸಿಗುವುದು ಎ549 ಕೋಶಗಳು. 1972ರಲ್ಲಿ 58 ವರ್ಷದ ಒಬ್ಬ ರೋಗಿಯ ಶ್ವಾಸಕೋಶದ ಕ್ಯಾನ್ಸರ್ ಗಡ್ಡೆಯಿಂದ ಬಂದವು ಇವು. ಇವತ್ತಿಗೂ ಬೆಳೆಯುತ್ತಲೇ ಇವೆ, ಹೆಚ್ಚುಕಮ್ಮಿ ದಿನಕ್ಕೊಮ್ಮೆ ಎರಡರಷ್ಟಾಗುತ್ತವೆ. ನಮ್ಮಲ್ಲಿ ಬಹಳ ಜನ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ (ಎನ್‌ಸಿಸಿಎಸ್) ತರಿಸಿಕೊಳ್ಳುತ್ತಾರೆ. ಒರಟು ಕೈಯನ್ನೂ ಸಹಿಸಿಕೊಳ್ಳುವ ಕೋಶ. ನನ್ನ ತಕರಾರು ಇರುವುದೇ ಅಲ್ಲಿ, ಏಕೆಂದರೆ ಎಲ್ಲವನ್ನೂ ಸಹಿಸಿಕೊಳ್ಳುವ ಕೋಶ ಏನೋ ಎಡವಟ್ಟಾಗಿದೆ ಅಂತ ನಿಮಗೆ ತಿಳಿಸುವುದೇ ಇಲ್ಲ.

ದಿನದ ಕೆಲಸ ದೊಡ್ಡದೇನಲ್ಲ. 37 ಡಿಗ್ರಿ, ಶೇ 5ರಷ್ಟು ಕಾರ್ಬನ್ ಡೈಆಕ್ಸೈಡ್, ಶೇ 10ರಷ್ಟು ಸೀರಂ (ಪ್ರಾಣಿ ರಕ್ತದ ತಿಳಿ ದ್ರವ) ಹಾಕಿದ ಮೀಡಿಯಾ, ಅಂದರೆ ಕೋಶಗಳಿಗೆ ಆಹಾರವಾಗುವ ದ್ರವ, ವಾರಕ್ಕೆ ಎರಡು ಮೂರು ಸಲ ಹೊಸ ಮೀಡಿಯಾ. ಮೈಕ್ರೋಸ್ಕೋಪ್‌ಗೆ ಮುಂಚೆ ಬಣ್ಣ ನೋಡಿ. ಮೀಡಿಯಾದಲ್ಲಿ ಫೀನಾಲ್ ರೆಡ್ ಅನ್ನುವ ಬಣ್ಣ ಇರುತ್ತದೆ: ಆಮ್ಲ ಜಾಸ್ತಿಯಾದರೆ ಹಳದಿ, ಕಮ್ಮಿಯಾದರೆ ಗಾಢ ಗುಲಾಬಿ. ರಾತ್ರಿ ಕಳೆಯುವಷ್ಟರಲ್ಲಿ ಒಂದೇ ಫ್ಲಾಸ್ಕ್ ಹಳದಿಯಾಗಿ ಕದಡಿದ್ದರೆ ಬ್ಯಾಕ್ಟೀರಿಯಾ. ಸೋಮವಾರ ಬೆಳಿಗ್ಗೆ ಎಲ್ಲ ಫ್ಲಾಸ್ಕ್‌ಗಳೂ ಒಟ್ಟಿಗೆ ಗುಲಾಬಿಯಾಗಿದ್ದರೆ ಕೋಶಗಳನ್ನು ಬೈಯಬೇಡಿ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಖಾಲಿಯಾಗಿದೆಯಾ ನೋಡಿ.

ಜಾಸ್ತಿ ಜನ ಅವಸರ ಮಾಡುವುದು ಟ್ರಿಪ್ಸಿನ್, ಅಂದರೆ ಫ್ಲಾಸ್ಕ್‌ಗೆ ಅಂಟಿದ ಕೋಶಗಳನ್ನು ಬಿಡಿಸುವ ಕಿಣ್ವ, ಹಾಕುವಾಗ. ಹಳೆ ಮೀಡಿಯಾ ತೆಗೆದ ಮೇಲೆ ಪಿಬಿಎಸ್ ಅನ್ನುವ ಉಪ್ಪಿನ ದ್ರಾವಣದಲ್ಲಿ ತೊಳೆಯಲೇಬೇಕು, ಯಾಕೆಂದರೆ ಉಳಿದಿರುವ ಸೀರಂ ಟ್ರಿಪ್ಸಿನ್ ಅನ್ನು ಕಟ್ಟಿಹಾಕುತ್ತದೆ; ಆಮೇಲೆ ಕೋಶ ಬಿಡುತ್ತಿಲ್ಲ ಅಂತ ಹತ್ತು ನಿಮಿಷ ಬಿಟ್ಟು ಅವುಗಳ ಮೈ ಹಾಳು ಮಾಡುತ್ತೀರಿ. ಟ್ರಿಪ್ಸಿನ್ ಹಾಕಿ ಮೈಕ್ರೋಸ್ಕೋಪ್ ಮುಂದೆಯೇ ಕುಳಿತುಕೊಳ್ಳಿ. ಚಪ್ಪಟೆಯಾಗಿ ಅಂಟಿಕೊಂಡಿದ್ದ ಕೋಶಗಳ ಅಂಚು ಮೊದಲು ಹೊಳೆಯುತ್ತದೆ, ಆಮೇಲೆ ಒಂದೊಂದೇ ಗುಂಡಗಾಗಿ ತೇಲುತ್ತವೆ. ಅಷ್ಟಾದರೆ ಸಾಕು, ಸೀರಂ ಇರುವ ಮೀಡಿಯಾ ಹಾಕಿ ನಿಲ್ಲಿಸಿ. ಬೇಗ ಬಿಡಲಿ ಅಂತ ಫ್ಲಾಸ್ಕ್ ಅನ್ನು ಅಂಗೈಗೆ ಬಡಿಯುವ ಚಟ ಬೇಡ, ಕೋಶಗಳು ಗಂಟು ಗಂಟಾಗುತ್ತವೆ, ಎಣಿಕೆಯೂ ಕೆಡುತ್ತದೆ.

ಕಣ್ಣಿಗೆ ಕಾಣುವ ಕಂಟಾಮಿನೇಷನ್‌ಗೆ ನಾನು ಹೆದರುವುದಿಲ್ಲ. ಫ್ಲಾಸ್ಕ್ ಎಸೆದರೆ ಮುಗಿಯಿತು. ಹೆದರಿಕೆ ಮೈಕೋಪ್ಲಾಸ್ಮಾ ಅನ್ನುವ ತೀರಾ ಪುಟ್ಟ ಬ್ಯಾಕ್ಟೀರಿಯಾದ್ದು. ಮೀಡಿಯಾ ಕದಡುವುದಿಲ್ಲ, ಎ549 ಸುಮ್ನೆ ಬೆಳೆಯುತ್ತಲೇ ಇರುತ್ತದೆ, ಆದರೆ ಒಳಗೆ ಜೀನ್‌ಗಳು ಕೆಲಸ ಮಾಡುವ ರೀತಿಯೇ ಬದಲಾಗಿರುತ್ತದೆ. ಮೀಡಿಯಾಕ್ಕೆ ಹಾಕುವ ಪೆನಿಸಿಲಿನ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಕೋಶಗೋಡೆಯ ಮೇಲೆ. ಮೈಕೋಪ್ಲಾಸ್ಮಾಕ್ಕೆ ಗೋಡೆಯೇ ಇಲ್ಲವಲ್ಲ, ಏನು ಮಾಡೀತು? ಸೀರಂನಿಂದ ಬರಬಹುದು, ಹುಡ್ (ಶುದ್ಧ ಗಾಳಿಯ ಕೆಲಸದ ಪೆಟ್ಟಿಗೆ) ಮುಂದೆ ಹರಟುವವರ ಬಾಯಿಂದಲೂ ಬರಬಹುದು. ಅದರ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿ, ಇಲ್ಲವೇ ಕೋಶಗಳಿಗೆ ಡಿಎನ್‌ಎ ಬಣ್ಣ ಹಚ್ಚಿ ನೋಡಿ: ನ್ಯೂಕ್ಲಿಯಸ್ ಮಾತ್ರ ನೀಲಿಯಾಗಿ ಹೊಳೆಯಬೇಕು, ಅದರ ಸುತ್ತ ಪುಡಿ ಉದುರಿದ ಹಾಗೆ ಚುಕ್ಕೆ ಕಂಡರೆ ಆ ಫ್ಲಾಸ್ಕ್ ಎಸೆಯಿರಿ. ಪಕ್ಕದ ಲ್ಯಾಬ್‌ನ ಸ್ನೇಹಿತರು ಪ್ರೀತಿಯಿಂದ ಕೊಟ್ಟ ಕೋಶವನ್ನಂತೂ ಪರೀಕ್ಷೆ ಆಗುವವರೆಗೆ ಬೇರೆ ಇನ್‌ಕ್ಯುಬೇಟರ್‌ನಲ್ಲೇ ಇಡಿ.

ಇದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿದೆ. ಔಷಧಿ ಕ್ಯಾನ್ಸರ್ ಕೋಶವನ್ನು ಮಾತ್ರ ಕೊಲ್ಲುತ್ತದೆ ಅಂತ ತೋರಿಸಲು ಎ549 ಪಕ್ಕದಲ್ಲಿ ಒಂದು 'ಸಾಮಾನ್ಯ' ಶ್ವಾಸಕೋಶದ ಕೋಶ ಇಡುತ್ತಾರೆ. ಹಾಗೆ ಇಡುವವುಗಳಲ್ಲಿ ಎಲ್-132 ಒಂದು. ಭ್ರೂಣದ ಶ್ವಾಸಕೋಶದ್ದು ಅಂತ ಅದಕ್ಕೆ ಹೆಸರು, ಆದರೆ ಅದು ನಿಜಕ್ಕೂ ಹೀಲಾ, ಅಂದರೆ 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅವರ ಗರ್ಭಕಂಠದ ಕ್ಯಾನ್ಸರ್‌ನಿಂದ ಬಂದ ಕೋಶ! ಬೇರೆ ಕಲ್ಚರ್‌ಗಳಲ್ಲಿ ಹೀಲಾ ಸೇರಿಕೊಂಡಿದೆ ಅಂತ ತಳಿವಿಜ್ಞಾನಿ ಸ್ಟ್ಯಾನ್ಲಿ ಗಾರ್ಟ್ಲರ್ 1966ರಲ್ಲೇ ತೋರಿಸಿದ್ದರು. ಇಷ್ಟು ವರ್ಷವಾದರೂ ಎಲ್-132 ಅನ್ನು ಸಾಮಾನ್ಯ ಕೋಶ ಅಂತ ಬರೆದ ಪ್ರಬಂಧಗಳು ಬರುತ್ತಲೇ ಇವೆ. ಒಂದು ಕ್ಯಾನ್ಸರ್ ಅನ್ನು ಇನ್ನೊಂದು ಕ್ಯಾನ್ಸರ್ ಜೊತೆ ಹೋಲಿಸಿ 'ಸಾಮಾನ್ಯ ಕೋಶಕ್ಕೆ ಅಪಾಯವಿಲ್ಲ' ಅಂದರೆ ಏನರ್ಥ?

ಹಾಗಾಗಿ ಎಸ್‌ಟಿಆರ್ ಪರೀಕ್ಷೆ ಮಾಡಿಸಿ. ಕೋಶ ಯಾವ ವ್ಯಕ್ತಿಯದ್ದು ಅನ್ನುವುದು ಡಿಎನ್‌ಎಯಿಂದ ಗೊತ್ತಾಗುತ್ತದೆ. ದುಡ್ಡು ಖರ್ಚಾಗುತ್ತದೆ ನಿಜ, ಮೂರು ವರ್ಷದ ಕೆಲಸ ಎಸೆಯುವುದಕ್ಕಿಂತ ಕಮ್ಮಿ.

ಹಾಗಾದರೆ ಹೋಲಿಕೆಗೆ ಏನು ಇಡುವುದು? ಎಂಆರ್‌ಸಿ-5 ನಿಜವಾಗಿಯೂ ಸಾಮಾನ್ಯ ಕೋಶ, 1966ರಲ್ಲಿ ಭ್ರೂಣದ ಶ್ವಾಸಕೋಶದಿಂದ ಬೆಳೆಸಿದ್ದು, ಲಸಿಕೆ ತಯಾರಿಕೆಗೂ ಬಳಸುತ್ತಾರೆ. ಆದರೆ ಅದು ಫೈಬ್ರೋಬ್ಲಾಸ್ಟ್ (ಅಂಗಾಂಶಕ್ಕೆ ಆಧಾರ ಕೊಡುವ ಕೋಶ), ಎ549 ಎಪಿಥೀಲಿಯಲ್ (ಒಳಮೈ ಹೊದಿಕೆಯ ಕೋಶ). ಜೊತೆಗೆ ಅದಕ್ಕೆ ಆಯಸ್ಸು ಇದೆ: ಸುಮಾರು 45 ಸಲ ದುಪ್ಪಟ್ಟಾದ ಮೇಲೆ ನಿಲ್ಲುತ್ತದೆ. ಬಂದ ಕೂಡಲೇ ಬೆಳೆಸಿ, ಹಿಮದಿಂದ ಕೋಶ ಕಾಪಾಡುವ ಡಿಎಂಎಸ್‌ಒ ಸೇರಿಸಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣ್ಣಗಾಗಿಸಿ ದ್ರವ ಸಾರಜನಕದಲ್ಲಿ ಇಟ್ಟುಬಿಡಿ, ವಯಲ್ ಮೇಲೆ ಪ್ಯಾಸೇಜ್ ಸಂಖ್ಯೆ (ಎಷ್ಟು ಸಲ ಹೊಸ ಫ್ಲಾಸ್ಕ್‌ಗೆ ಬದಲಿಸಿದ್ದು) ಬರೆಯಿರಿ. ಇನ್ನೊಂದು ಶ್ವಾಸಕೋಶದ ಕೋಶ ಬಿಯಾಸ್-2ಬಿ ಎಪಿಥೀಲಿಯಲ್ ಹೌದು, ಆದರೆ ವೈರಸ್ ಜೀನ್ ಹಾಕಿ ಅಮರ ಮಾಡಿದ್ದು, ಮೇಲಾಗಿ ಸೀರಂ ಕೊಟ್ಟರೆ ಅದರ ಗುಣವೇ ಬದಲಾಗುತ್ತದೆ, ಅದಕ್ಕೆ ಸೀರಂ ಇಲ್ಲದ ಬೇರೆಯದೇ ಮೀಡಿಯಾ ಬೇಕು. ಯಾವುದನ್ನು ಇಟ್ಟರೂ ಪ್ರಬಂಧದಲ್ಲಿ ಅದರ ಮಿತಿಯನ್ನು ಬರೆಯಿರಿ.