ಡಿಎಸ್‌ಪಿ ಕಲಿಯೋಕೆ ಮೊಬೈಲ್ ಸಾಕಾ?

ಪ್ರಶ್ನೆ: ಎಲೆಕ್ಟ್ರಾನಿಕ್ಸ್ ಮೂರನೇ ವರ್ಷ ಓದ್ತಿದ್ದೇನೆ. ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್, ಅಂದರೆ ಸಿಗ್ನಲ್ಲನ್ನು ಅಂಕಿಗಳಾಗಿಸಿ ಸಂಸ್ಕರಿಸೋದು) ಲೆಕ್ಕ ಬರುತ್ತೆ, ಒಳಗೆ ಏನಾಗ್ತಿದೆ ಅಂತ ಮಾತ್ರ ಗೊತ್ತಾಗಲ್ಲ. ಮನೆಯಲ್ಲಿ ಮ್ಯಾಟ್‌ಲ್ಯಾಬ್ ಸಾಫ್ಟ್‌ವೇರ್ ಇಲ್ಲ. ಬರೀ ಮೊಬೈಲಿನಲ್ಲಿ ಕಲಿಯಬಹುದಾ ಸರ್?

ಉತ್ತರ: ಅರ್ಧ ಪಾಲು ಕಲಿಯಬಹುದು. ಫಿಲ್ಟರ್ ಡಿಸೈನ್‌ಗೆ ಪೆನ್ನು, ಹಾಳೆ, ಒಂದಿಷ್ಟು ಪೈಥಾನ್ ಬೇಕೇ ಬೇಕು. ಆದರೆ ಸ್ಯಾಂಪ್ಲಿಂಗ್ (ಸಿಗ್ನಲ್ಲನ್ನು ಬಿಟ್ಟು ಬಿಟ್ಟು ಅಳೆಯುವುದು), ಎಫ್‌ಎಫ್‌ಟಿ (ಅದರೊಳಗಿನ ಫ್ರೀಕ್ವೆನ್ಸಿಗಳನ್ನು ಬಿಡಿಸಿ ತೋರಿಸುವ ಲೆಕ್ಕ) ತಲೆಗೆ ಹತ್ತಬೇಕಾದರೆ ಜೇಬಿನಲ್ಲಿರುವ ಫೋನು ಲ್ಯಾಬಿಗಿಂತ ಒಂದು ಕೈ ಮೇಲು. ಒಂದೇ ಷರತ್ತು: ಮೊದಲು ಲೆಕ್ಕ, ಆಮೇಲೆ ಸ್ಕ್ರೀನು.

ಜರ್ಮನಿಯ ಆಖೆನ್‌ನ ಆರ್‌ಡಬ್ಲ್ಯುಟಿಎಚ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಆ್ಯಪ್ ಹಾಕಿಕೊಳ್ಳಿ. ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಆಡಿಯೋ ಸ್ಪೆಕ್ಟ್ರಮ್ ತೆರೆದು, ಇನ್ನೊಂದು ಫೋನಿನ ಡಯಲ್ ಪ್ಯಾಡ್‌ನಲ್ಲಿ 5 ಒತ್ತಿ ಹಿಡಿಯಿರಿ. ಕೀಪ್ಯಾಡ್ ಟೋನ್ ಆನ್ ಇರಲಿ. ಕಿವಿಗೆ ಒಂದೇ ಸದ್ದು, ಸ್ಕ್ರೀನಿನಲ್ಲಿ ಎರಡು ಮೊನೆ: 770 ಹರ್ಟ್ಸ್, 1336 ಹರ್ಟ್ಸ್. ಆದರೆ 770ರ ಜಾಗದಲ್ಲಿ 773 ಬರಬಹುದು. ಫೋನನ್ನು ಬೈಯಬೇಡಿ. ಸೆಕೆಂಡಿಗೆ 48,000 ಸ್ಯಾಂಪಲ್, ಎಫ್‌ಎಫ್‌ಟಿಗೆ 4,096 ಅಂದರೆ ಒಂದೊಂದು ಬಿನ್ (ಎಫ್‌ಎಫ್‌ಟಿ ತೋರಿಸುವ ಫ್ರೀಕ್ವೆನ್ಸಿ ಮೆಟ್ಟಿಲು) 11.7 ಹರ್ಟ್ಸ್ ದೂರ. 770ಕ್ಕೆ ಹತ್ತಿರದ ಬಿನ್ 773. ಸ್ಯಾಂಪಲ್ 16,384 ಮಾಡಿ, 770.5ಕ್ಕೆ ಬರುತ್ತದೆ.

ಏಲಿಯಾಸಿಂಗ್, ಅಂದರೆ ಸ್ಯಾಂಪಲ್ ಸಾಲದೆ ಒಂದು ಫ್ರೀಕ್ವೆನ್ಸಿ ಇನ್ನೊಂದರ ವೇಷದಲ್ಲಿ ಕಾಣುವುದನ್ನು ಮಾತ್ರ ಮೈಕಿನಲ್ಲಿ ಹುಡುಕಬೇಡಿ. ಅದನ್ನು ತಡೆಯುವ ಫಿಲ್ಟರ್ ಫೋನಿನೊಳಗೇ ಇದೆ. ಅದಕ್ಕೆ ಕ್ಯಾಮೆರಾ ಇದೆಯಲ್ಲ!

ಹಗಲು ಹೊತ್ತಿನಲ್ಲಿ ಮೂರು ರೆಕ್ಕೆಯ ಸೀಲಿಂಗ್ ಫ್ಯಾನನ್ನು ಸೆಕೆಂಡಿಗೆ 30 ಫ್ರೇಮ್‌ನಲ್ಲಿ ವಿಡಿಯೋ ಮಾಡಿ. ಫುಲ್ ಸ್ಪೀಡಿನಲ್ಲಿ ನಿಮಿಷಕ್ಕೆ 380 ಸುತ್ತು ಅಂದುಕೊಳ್ಳಿ. ಫ್ರೇಮಿಂದ ಫ್ರೇಮಿಗೆ ರೆಕ್ಕೆ 76 ಡಿಗ್ರಿ ಮುಂದೆ ಹೋಗುತ್ತದೆ. ಆದರೆ ಮೂರೂ ರೆಕ್ಕೆ ಒಂದೇ ಥರ ಅಲ್ವಾ? ಪಕ್ಕದ ರೆಕ್ಕೆ 120 ಡಿಗ್ರಿ ದೂರದಲ್ಲಿದೆ. ಹಾಗಾಗಿ 44 ಡಿಗ್ರಿ ಹಿಂದೆ ಬಂದಂತೆಯೇ ಕಾಣುತ್ತದೆ, ಫ್ಯಾನು ಉಲ್ಟಾ ತಿರುಗುತ್ತದೆ. ಈಗ ರೆಗ್ಯುಲೇಟರ್ ಇಳಿಸಿ. 300 ಸುತ್ತಿಗಿಂತ ಕೆಳಗೆ ಬಂದ ಕೂಡಲೇ ನೆಟ್ಟಗಾಗುತ್ತದೆ. ಸೆಕೆಂಡಿಗೆ 5 ಸುತ್ತು, ಮೂರು ರೆಕ್ಕೆ, 15. ಅದು 30ರ ಅರ್ಧ, ನಿಮ್ಮ ನೈಕ್ವಿಸ್ಟ್ ಗಡಿ; ಅದನ್ನು ದಾಟಿದರೆ ಏಲಿಯಾಸಿಂಗ್.

ಕೊನೆಗೆ ಫ್ಯಾನ್ ಆಫ್ ಮಾಡಿ, ಸ್ಟೂಲ್ ಹತ್ತಿ ಒಂದು ರೆಕ್ಕೆಗೆ ಕೆಂಪು ಟೇಪ್ ಅಂಟಿಸಿ. (ಧೂಳು ಕಣ್ಣಿಗೆ ಬೀಳುತ್ತೆ, ಹುಷಾರು.) ಮತ್ತೆ ಫುಲ್ ಸ್ಪೀಡ್ ಕೊಟ್ಟು ವಿಡಿಯೋ ಮಾಡಿ, ಒಂದೊಂದೇ ಫ್ರೇಮ್ ಸರಿಸುತ್ತಾ ಹೋಗಿ. ರೆಕ್ಕೆಗಳು ಹಿಂದಕ್ಕೆ, ಟೇಪು ಮುಂದಕ್ಕೆ! ಟೇಪಿನ ಫ್ರೀಕ್ವೆನ್ಸಿ ಎಷ್ಟು ಅಂತ ಲೆಕ್ಕ ಹಾಕಿ ನೋಡಿ, ಯಾಕೆ ಅಂತ ಗೊತ್ತಾಗುತ್ತೆ.