ಆಕ್ಸಿಜನ್ ಮೇಲಿರುವವರ ಕ್ರೂಸ್: ಕಷ್ಟ ಇರುವುದು ಹಡಗಿನಲ್ಲಲ್ಲ

"ಡಾಕ್ಟ್ರೇ, ಅಪ್ಪನ್ನ ಕ್ರೂಸಿಗೆ ಕರ್ಕೊಂಡು ಹೋಗಬಹುದಾ?" ಮನೆಯಲ್ಲಿ ಆಕ್ಸಿಜನ್ ಹಾಕಿಕೊಂಡಿರುವ ಹಿರಿಯರ ಮಕ್ಕಳು ಹೀಗೆ ಕೇಳುವುದು ಈಗ ಅಪರೂಪವಲ್ಲ. ಅವರಿಗೆ ನಡುಗಡಲಿನ ಭಯ. ಶ್ವಾಸಕೋಶದ ಡಾಕ್ಟರಾಗಿ ನಾನು ಮೊದಲು ಕೇಳುವುದು ಬೇರೆ: ಬಂದರಿಗೆ ಹೇಗೆ ಹೋಗುತ್ತೀರಿ?

ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇ 10ರಷ್ಟು ಕಡಿಮೆ. ಜಯನಗರದ ಮನೆಯಲ್ಲಿ 90 ತೋರಿಸುವ ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್‌ನ ಶೇಕಡಾ ಮಟ್ಟ) ಹಡಗಿನ ಡೆಕ್ ಮೇಲೆ ಒಂದೆರಡು ಅಂಕ ಏರಿದರೆ ಆಶ್ಚರ್ಯಪಡಬೇಡಿ. ಸಮುದ್ರ ಈ ಶ್ವಾಸಕೋಶಗಳಿಗೆ ಒಳ್ಳೆಯದನ್ನೇ ಮಾಡುತ್ತದೆ. ಆದರೆ ನಮ್ಮೂರಿಗೆ ಸಮುದ್ರವಿಲ್ಲ. ಮುಂಬೈಗೋ ಕೊಚ್ಚಿಗೋ ಸಿಂಗಪುರಕ್ಕೋ ವಿಮಾನ ಹತ್ತಬೇಕು. ವಿಮಾನದ ಒಳಗಿನ ಒತ್ತಡ 8,000 ಅಡಿ ಎತ್ತರದ ಮಟ್ಟಕ್ಕೂ ಇಳಿಯಬಹುದು. ಅದು ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರ. ಅಲ್ಲಿ ಉಸಿರಾಡುವುದೆಂದರೆ ಸಮುದ್ರಮಟ್ಟದಲ್ಲಿ ಶೇ 21ರ ಬದಲು ಶೇ 15ರಷ್ಟು ಆಕ್ಸಿಜನ್ ಇರುವ ಗಾಳಿ ಸೇವಿಸಿದ ಹಾಗೆ. ಮನೆಯಲ್ಲಿ ನಿಮಿಷಕ್ಕೆ ಎರಡು ಲೀಟರ್ ಆಕ್ಸಿಜನ್‌ನಲ್ಲಿ ನೆಮ್ಮದಿಯಾಗಿರುವವರಿಗೂ ಅಲ್ಲಿ ಅದು ಸಾಲದೇ ಹೋಗಬಹುದು. ಹಡಗು ಚೆನ್ನೈನಿಂದ ಹೊರಡುವುದಾದರೆ ಹಗಲಿನ ರೈಲು ಹಿಡಿಯಿರಿ ಅನ್ನುತ್ತೇನೆ. ಇಳಿಜಾರಿನ ದಾರಿ, ಎತ್ತರದ ತಾಪತ್ರಯವಿಲ್ಲ.

ವಿಮಾನವೇ ಆದರೆ ತುಂಬಿದ ಸ್ವಂತ ಸಿಲಿಂಡರನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ, ಬ್ಯಾಟರಿಯಲ್ಲಿ ಓಡುವ ಪುಟ್ಟ ಮಷೀನ್, ಅಂದರೆ ಪೋರ್ಟಬಲ್ ಕಾನ್ಸಂಟ್ರೇಟರ್ ಬೇಕು, ಅದಕ್ಕೂ ವಿಮಾನ ಕಂಪನಿಯ ಮೆಡಿಕಲ್ ಫಾರ್ಮ್ ಮೊದಲೇ ತುಂಬಿಸಿ ಒಪ್ಪಿಗೆ ಪಡೆದಿರಬೇಕು. ಪ್ರಯಾಣದ ಒಂದೂವರೆ ಪಟ್ಟು ಹೊತ್ತಿಗೆ ಆಗುವಷ್ಟು ಬ್ಯಾಟರಿ ಇರಲಿ. ಹೆಚ್ಚುವರಿ ಬ್ಯಾಟರಿಗಳು ಕೈಚೀಲದಲ್ಲೇ ಬರಬೇಕು, ಚೆಕ್-ಇನ್ ಸೂಟ್‌ಕೇಸಿಗೆ ಹಾಕುವಂತಿಲ್ಲ.

ಸಿಲಿಂಡರ್ ನಂಬಿಕೊಂಡರೆ ಹಡಗಿನಲ್ಲೂ ಕೆಲಸ ಆಗುವುದಿಲ್ಲ. ಮನೆಗಳಿಗೆ ಬಾಡಿಗೆಗೆ ಬರುವ ಬಿ-ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ ಎರಡು ಲೀಟರಿನಂತೆ ದಿನವಿಡೀ ಬೇಕಾದವರಿಗೆ 2,880 ಲೀಟರ್, ಅಂದರೆ ದಿನಕ್ಕೆ ಎರಡು ಸಿಲಿಂಡರ್. ಏಳು ದಿನಕ್ಕೆ ಲೆಕ್ಕ ಹಾಕಿ ನೋಡಿ! ಕಾನ್ಸಂಟ್ರೇಟರ್ ಸುತ್ತಲಿನ ಗಾಳಿಯನ್ನೇ ಎಳೆದುಕೊಂಡು, ಜಿಯೋಲೈಟ್ ಹರಳುಗಳಲ್ಲಿ ನೈಟ್ರೋಜನ್ ಹಿಡಿದಿಟ್ಟು ಶೇ 90ಕ್ಕಿಂತ ಹೆಚ್ಚು ಶುದ್ಧ ಆಕ್ಸಿಜನ್ ಕೊಡುತ್ತದೆ. ಕರೆಂಟ್ ಇರುವವರೆಗೆ ಅದು ಮುಗಿಯುವ ಪ್ರಶ್ನೆಯಿಲ್ಲ.

ಎಲ್ಲರೂ ಎಡವುವುದು ಮುಂದಿನ ವಿಷಯದಲ್ಲಿ. ಭುಜಕ್ಕೆ ನೇತುಹಾಕಿಕೊಳ್ಳುವ ಪುಟ್ಟ ಮಷೀನ್‌ಗಳಲ್ಲಿ ಹೆಚ್ಚಿನವು ಪಲ್ಸ್ ಮಾದರಿಯವು. ನೀವು ಉಸಿರು ಎಳೆದದ್ದು ಗೊತ್ತಾದಾಗ ಮಾತ್ರ ಒಂದು ಗುಟುಕು ಆಕ್ಸಿಜನ್ ಬಿಡುತ್ತವೆ. ಅದರ ಮೇಲಿನ '2' ಎಂಬುದು ಎರಡು ಲೀಟರ್ ಅಲ್ಲ. ಅದು ಕಂಪನಿ ಇಟ್ಟ ಸೆಟ್ಟಿಂಗ್ ನಂಬರ್ ಅಷ್ಟೇ. ಒಂದು ಕಂಪನಿಯ 2ಕ್ಕೂ ಇನ್ನೊಂದರ 2ಕ್ಕೂ ಹೋಲಿಕೆ ಇಲ್ಲ. ಮಾರುವವರು ಇದನ್ನು ಬಿಡಿಸಿ ಹೇಳುವುದು ಕಡಿಮೆ. ರಾತ್ರಿಯಂತೂ ಬಾಯಿ ತೆರೆದು, ಸಣ್ಣಗೆ ಉಸಿರಾಡುತ್ತಾ ಮಲಗುವವರ ಉಸಿರು ಮಷೀನ್‌ಗೆ ಗೊತ್ತಾಗದೆ ಹೋಗಬಹುದು. ಹಾಗಾಗಿ ಹಗಲು ಓಡಾಡಲು ಪಲ್ಸ್ ಮಷೀನ್, ರಾತ್ರಿ ಮಲಗಲು ಸತತವಾಗಿ ಬಿಡುವ ಮಷೀನ್ ಎಂದು ಎರಡು ಇರಬೇಕು. ಮನೆಯಲ್ಲಿರುವ ಐದು ಲೀಟರಿನ ಮಷೀನ್ ಸುಮಾರು 15 ಕಿಲೋ ತೂಗುತ್ತದೆ. ಹೊರುವುದು ಹಿಂಸೆ ನಿಜ, ಆದರೂ ರಾತ್ರಿಗೆ ನಾನು ಅದಕ್ಕೇ ಓಟು ಹಾಕುತ್ತೇನೆ.

ಪಲ್ಸ್ ಮಷೀನ್ ಕೊಳ್ಳುವ ಮೊದಲು ಬಾಡಿಗೆಗೆ ತನ್ನಿ. ಅದನ್ನು ಹಾಕಿಕೊಂಡು ಕ್ಲಿನಿಕ್ಕಿನಲ್ಲಿ ಆರು ನಿಮಿಷ ನಡೆಸಿ ಸ್ಯಾಚುರೇಷನ್ ನೋಡುತ್ತೇವೆ. ಕೂತಾಗ 94 ಇದ್ದದ್ದು ನಡೆದಾಗ 82ಕ್ಕೆ ಬಿದ್ದರೆ ಆ ಮಷೀನ್ ನಿಮಗಲ್ಲ.

ಹಡಗಿನ ಕಂಪನಿಗೆ ಬುಕಿಂಗ್ ಸಮಯದಲ್ಲೇ ತಿಳಿಸಿ, ಉತ್ತರವನ್ನು ಇಮೇಲಿನಲ್ಲೇ ಪಡೆಯಿರಿ. ಹಾಸಿಗೆಯ ಹತ್ತಿರ ಪ್ಲಗ್ ಇದೆಯಾ, ಅದು 220 ವೋಲ್ಟಾ 110 ವೋಲ್ಟಾ ಕೇಳಿ. ನಮ್ಮ ಮನೆಯ ಮಷೀನ್ 110ರಲ್ಲಿ ನಡೆಯುವುದಿಲ್ಲ. ಸ್ಪೈಕ್ ಬಸ್ಟರ್ ಒಯ್ಯಬೇಡಿ; ಬಹಳ ಹಡಗುಗಳಲ್ಲಿ ಬೆಂಕಿಯ ಭಯಕ್ಕೆ ಕಿತ್ತಿಟ್ಟುಕೊಳ್ಳುತ್ತಾರೆ. ಹಡಗಿನ ಡಾಕ್ಟರ ಬಳಿ ಇರುವ ಆಕ್ಸಿಜನ್ ತುರ್ತಿಗೆ, ನಿಮ್ಮ ದಿನನಿತ್ಯಕ್ಕಲ್ಲ. ಇನ್ಶೂರೆನ್ಸಿನಲ್ಲಿ ಕಾಯಿಲೆ ಮುಚ್ಚಿಟ್ಟರೆ, ನಡುನೀರಿನಿಂದ ಆಸ್ಪತ್ರೆಗೆ ಸಾಗಿಸಿದ ಬಿಲ್ ನಿಮ್ಮ ತಲೆಗೇ ಬರುತ್ತದೆ. ಸಿಗರೇಟು ಸೇದುವ ಡೆಕ್ ಕಡೆ ಸುಳಿಯಲೇಬೇಡಿ.

ಮಗಳೋ ಸೊಸೆಯೋ ಜೊತೆಗಿದ್ದರೆ ಅವರಿಗೆ ಒಂದು ಮಾತು. ಸುಸ್ತಾಯಿತೆಂದು ಆಕ್ಸಿಜನ್ ಜಾಸ್ತಿ ಮಾಡುವ ಆಸೆ ಸಹಜ. ಆದರೆ ಸಿಒಪಿಡಿ (ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇರುವವರಲ್ಲಿ ಅತಿಯಾದ ಆಕ್ಸಿಜನ್ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿಸಿ ಮಂಪರು ತರಿಸಬಹುದು. ಅವರಿಗೆ ಸಾಮಾನ್ಯವಾಗಿ ನಾವು ಗುರಿ ಇಡುವ ಸ್ಯಾಚುರೇಷನ್ 88ರಿಂದ 92. ನೂರು ಬರಬೇಕೆಂಬ ಹಟ ಬೇಡ.

ಇನ್ನು ಈ ಪ್ರಯಾಣಕ್ಕೆ ಡಾಕ್ಟರಾಗಿ ನಾನು ಬರೆದುಕೊಡುವ ಪತ್ರ. ಅದರಲ್ಲಿ ಮಷೀನ್‌ನ ಹೆಸರು, ಮಾಡೆಲ್, ಕೂತಾಗ, ನಡೆದಾಗ, ಮಲಗಿದಾಗ ಎಷ್ಟು ಆಕ್ಸಿಜನ್ ಬೇಕು ಎಂಬುದೆಲ್ಲ ಬರೆಯಬೇಕು. ಹಾಗಾಗಿ ಟಿಕೆಟ್ ಬುಕ್ ಮಾಡುವ ಮುಂಚೆ ಬನ್ನಿ. ಹೊರಡುವ ಹಿಂದಿನ ದಿನ ಬಂದರೆ ನಾನು ಸಹಿ ಹಾಕುವುದಿಲ್ಲ.